ಹಿಂದೆ ನೀರು ಹಾಕಿದವರು

ನನ್ನ ಅಣ್ಣ ಈರಬಸಪ್ಪ ಮೊರಬದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಹೋದ ವರ್ಷ ಒಂದು ಬೀಜದ ಕಂಪನಿ ಹೆಚ್ಚು ಮಾರಿದ ಅಂಗಡಿಯವರನ್ನು ಗ್ರೀಸ್ ದೇಶದ ದ್ವೀಪಗಳಿಗೆ ಕರೆದುಕೊಂಡು ಹೋಯಿತು. ಸೀಗೆ ಹುಣ್ಣಿಮೆ ಅದರ ನಡುವೆಯೇ ಬಂದಿತ್ತು.

"ಹೊಲಕ್ಕ ಚರಗ ಚೆಲ್ಲೋರು ಯಾರು? ದ್ವೀಪ ಎಲ್ಲಿ ಓಡಿ ಹೊಕ್ಕಾವು?" ಎಂದು ಕೂಗಾಡಿದೆ. ಅವನು ನಕ್ಕ. ಅತ್ತಿಗೆ ಶಾರದವ್ವ ಅವನ ಚೀಲಕ್ಕೆ ಶೇಂಗಾ ಹೋಳಿಗೆ ತುಂಬಿದಳು.

ಆ ಹುಣ್ಣಿಮೆಗೆ ನಾವು ಬಸುರಿ ಭೂಮಿತಾಯಿಗೆ ಉಣಿಸುತ್ತೇವೆ. ಒಬ್ಬ ಚರಗದ ಅಡುಗೆ ಹೊಲದ ತುಂಬ ಚೆಲ್ಲುತ್ತ ಮುಂದೆ ನಡೆಯಬೇಕು, ಇನ್ನೊಬ್ಬ ನೀರು ಹಾಕುತ್ತ ಹಿಂದೆ ಬರಬೇಕು. ಮುಂದಿನವನು ತಿರುಗಿ ನೋಡಬಾರದು. ನೀರು ಹಾಕುವವನು ಮನೆಯವನೇ ಆಗಿರಬೇಕು, ಅವನಿಗೆ ಹೊಲದ ಮೇಲೆ ಹಕ್ಕು ಎಂದು ಅಪ್ಪ ಹೇಳುತ್ತಿದ್ದ. ಇಪ್ಪತ್ತು ವರ್ಷ ಅಣ್ಣನ ಹಿಂದೆ ನೀರು ಹಾಕಿದವನು ನಾನು.

ಗ್ರೀಸಿನ ಬಗ್ಗೆ ಅಣ್ಣ ಹೇಳಿದ್ದು ಇಷ್ಟು. ಹಡಗಿನಿಂದ ನೋಡಿದರೆ ಒಂದರ ಹಿಂದೊಂದು ದ್ವೀಪ, ಗುಡ್ಡದ ತುದಿಯಿಂದ ಸಮುದ್ರದ ಅಂಚಿನವರೆಗೂ ಹಸಿರು. ಇಳಿದುಕೊಂಡ ದ್ವೀಪದಲ್ಲಿ ಒಂದು ಕಡೆ ಪಾಳುಬಿದ್ದ ಮನೆ, ಸುತ್ತಲೂ ಆಲಿವ್ ಗಿಡಗಳು. ಉಣಿಸುವವರಿಲ್ಲದ ಭೂಮಿ ಅನ್ನಿಸಿತಂತೆ. ಹುಣ್ಣಿಮೆಯ ಬೆಳಿಗ್ಗೆ ಹೋಳಿಗೆ ಮುರಿದು ಚೆಲ್ಲುತ್ತ, "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತ ಆ ಗಿಡಗಳ ನಡುವೆ ಒಬ್ಬನೇ ನಡೆದ. ಹಿಂದೆ ಹೆಜ್ಜೆ ಸಪ್ಪಳ. ಎಲೆಗಳ ಮೇಲೆ ನೀರು ಬಿದ್ದ ಸಪ್ಪಳ. ಹೋಟೆಲಿನಲ್ಲಿ ಅವನ ಕೋಣೆಯಲ್ಲೇ ಇದ್ದ ಕುಂದಗೋಳದ ಪ್ರಭು ಬಂದಿರಬೇಕೆಂದು ತಿರುಗಲಿಲ್ಲ. ಹೋಟೆಲಿಗೆ ಬಂದರೆ ಪ್ರಭು ಹಾಸಿಗೆಯಲ್ಲೇ ಇದ್ದ.

"ನಾ ಎಲ್ಲಿ ಬಂದಿದ್ನಿರಿ ಕಾಕಾ? ಈಗ ಕಣ್ಣ ಬಿಟ್ಟೀನಿ."

ಊರಿಗೆ ಬಂದ ಮೇಲೆ ಅಣ್ಣ ಅಂಗಡಿ ತೆರೆದ, ಹೊಲಕ್ಕೆ ಮಾತ್ರ ಕಾಲಿಡಲಿಲ್ಲ. ಬಿತ್ತುವುದು, ಕಳೆ ತೆಗೆಯುವುದು ಎಲ್ಲ ನನ್ನ ಮೈಮೇಲೆ ಬಿತ್ತು. ಕೇಳಿದರೆ ಒಂದೇ ಮಾತು: "ಯಾರೋ ನೀರ ಹಾಕ್ಯಾರ ಸಂಗ್ಯಾ. ಅವರು ಈಗ ನಮ್ಮ ಮನ್ಯಾವರು. ನಾ ಹೊಲಕ್ಕ ಹೋದ್ರ ಹಿಂದ ಬರ್ತಾರ."

ಈ ವರ್ಷ ಹುಣ್ಣಿಮೆಗೆ ನನಗೆ ತಡೆಯಲಾಗಲಿಲ್ಲ. ಅಂಗಡಿಯ ಬಾಗಿಲು ಎಳೆದೆ, ಚರಗದ ಬುಟ್ಟಿ ಅವನ ಕೈಗೆ ತುರುಕಿದೆ. "ಏಳು! ಇಲ್ಲಾಂದ್ರ ನಾಳೆ ಹೊಲ ಎರಡು ಭಾಗ ಮಾಡ್ತೀನಿ."

"ಹಿಂದ ನೀನಾ ಇರಬೇಕು ನೋಡು."

"ನಾನಲ್ದ ನಿನ್ನ ಗ್ರೀಸಿನ ಬೀಗರು ಬರ್ತಾರೇನು?"

ಹತ್ತಿಯ ಸಾಲಿನಲ್ಲಿ ಅಣ್ಣ ಮುಂದೆ, ತಂಬಿಗೆ ಹಿಡಿದು ನಾನು ಹಿಂದೆ. ಅರ್ಧ ಹೊಲಕ್ಕೆ ಬಂದಾಗ ನನ್ನ ಕಾಲಿಗೆ ಜಾಲಿಮುಳ್ಳು ನೆಟ್ಟಿತು. ತಂಬಿಗೆ ಕೆಳಗಿಟ್ಟು ಕೀಳಲು ಕುಳಿತೆ. ಅಣ್ಣ ಚೆಲ್ಲುತ್ತ ದೂರ ಹೋಗಿದ್ದ. ಅಲ್ಲಿಂದಲೇ, ತಿರುಗದೆ ಕೂಗಿದ: "ಸಂಗ್ಯಾ, ನೀರ ಸ್ವಲ್ಪ ಸಣ್ಣಗ ಹಾಕೋ! ಹಿಮ್ಮಡಿಗೆ ಬೀಳಾಕತ್ತೇತಿ!"

ವರ್ಷದಿಂದ ಕೇಳದ ಹಗುರ ದನಿ. ಹಾಕುತ್ತಿರುವುದು ನಾನಲ್ಲ ಎಂದು ನಿಜ ಹೇಳಿದ್ದರೆ ಅವನು ಇನ್ನೆಂದೂ ಹೊಲಕ್ಕೆ ಬರುತ್ತಿರಲಿಲ್ಲ.

"ಹೂಂ ಅಣ್ಣಾ, ನೀ ನಡಿ!" ಎಂದೆ.

ತಂಬಿಗೆ ನನ್ನ ಪಕ್ಕದಲ್ಲೇ ಇತ್ತು. ಅವನ ಹೆಜ್ಜೆಯ ಹಿಂದೆ ಒಣಮಣ್ಣು ಒದ್ದೆಯಾಗುತ್ತ ಹೋಗುತ್ತಿತ್ತು.

ಈಗ ಅಣ್ಣ ದಿನಾ ಹೊಲಕ್ಕೆ ಬರುತ್ತಾನೆ. ಅವನ ಹಿಂದೆ ನಾನು ನಡೆಯುವುದಿಲ್ಲ.