ಇದ್ರೂ ಇರಬೋದು ಡಾಕ್ಟರು

ಧರ್ಮಪುರದ ಡಾಕ್ಟರ್ ಚಿತ್ರಲಿಂಗಪ್ಪನವರ ಬಾಯಲ್ಲಿ ಖಚಿತವಾದ ಮಾತು ಕೇಳಿದವರು ಊರಲ್ಲಿ ಯಾರೂ ಇಲ್ಲ. ಮೈ ಕೆಂಡದಂತೆ ಸುಡುತ್ತಿದ್ದರೂ "ಜ್ವರ ಇದ್ದಂಗೈತೆ" ಅನ್ನುತ್ತಾರೆ. ಮುರಿದು ಜೋತಾಡುವ ಕೈ ತೋರಿಸಿದರೆ ಕನ್ನಡಕ ಏರಿಸಿ, "ಮುರಿದಿದ್ರೂ ಮುರಿದಿರಬೋದು, ಎಕ್ಸ್‌ರೇ ಏನಂತೈತೋ ನೋಡಾಣ" ಎಂದು ಹಿರಿಯೂರಿಗೆ ಕಳಿಸುತ್ತಾರೆ. ತುಂಬು ಗರ್ಭಿಣಿ ಬಂದಾಗ ಮಾತ್ರ ಕೊಂಚ ಧೈರ್ಯ ಮಾಡಿ "ಬಹುಶಃ ಮಗು" ಅನ್ನುತ್ತಾರೆಂದು ಜನ ಆಡಿಕೊಳ್ಳುತ್ತಾರೆ. ಹೋದ ವಾರ ಸುಚಿತ್ರಾ ಎಂಬ ಸಂಶೋಧಕಿ, ಕುಟುಂಬ ವೈದ್ಯರು ಅನಿಶ್ಚಿತತೆಯನ್ನು ಎಷ್ಟು ತಾಳಿಕೊಳ್ಳುತ್ತಾರೆಂದು ಅಳೆಯಲು ಬಂದಳು. "ರೋಗ ಯಾವುದು ಅಂತ ಗೊತ್ತಾಗದಿದ್ರೆ ನಿಮಗೆಷ್ಟು ಆತಂಕ ಸರ್? ಒಂದರಿಂದ ಐದರೊಳಗೆ ಹೇಳಿ." ಡಾಕ್ಟರು ಕನ್ನಡಕ ಏರಿಸಿ, "ಮೂರು ಇದ್ರೂ ಇರಬೋದು. ಎರಡು ದಿನ ಬಿಟ್ಟು ಬರ್ರಿ, ಏರ್ತೈತೋ ಇಳಿತೈತೋ ನೋಡಾಣ" ಎಂದರು. ಅವಳು ಹಣೆ ಚಚ್ಚಿಕೊಂಡು ಬಸ್ಸು ಹತ್ತಿದ ಮೇಲೆ ಡಾಕ್ಟರು ಕ್ಲಿನಿಕ್ಕಿನ ಬಾಗಿಲೆಳೆದು, ಊರಾಚೆಯ ಕುರಿಹಟ್ಟಿಯ ಕಡೆ ಸ್ಕೂಟರು ಓಡಿಸಿದರು. ಅಲ್ಲಿನ ಮುದ್ದಕ್ಕನ ಮೊಮ್ಮಗನಿಗೆ ಅಂದು ಬೆಳಿಗ್ಗೆ ವಿಪರೀತ ಹೊಟ್ಟೆನೋವು. "ಬರೀ ಗ್ಯಾಸ್ ಇದ್ರೂ ಇರಬೋದು" ಎಂದು ಔಷಧಿ ಕೊಟ್ಟು ಕಳಿಸಿದ್ದರು. "ಯಾಕ್ರೀ ಸಾರ್, ಇಷ್ಟು ದೂರ ಬಂದ್ರಿ?" ಎಂದು ಮುದ್ದಕ್ಕ ಗಾಬರಿಯಾದಳು. "ಏನಿಲ್ಲ ಕಣವ್ವ, ನಿನ್ನ ಕುರಿ ನೋಡಾಣ ಅಂತ ಬಂದೆ" ಎಂದರು. ಕುರಿಗೂ ಮೇಕೆಗೂ ವ್ಯತ್ಯಾಸ ತಿಳಿಯದ ಆ ಮನುಷ್ಯ, ಮೊಮ್ಮಗ ಎದ್ದು ಬಂದು ಅಜ್ಜಿಯ ಕೈಯ ರೊಟ್ಟಿ ಕಿತ್ತುಕೊಂಡು ಓಡುವವರೆಗೂ, ರೊಪ್ಪದೊಳಗಿನ ಒಂದೊಂದು ಕುರಿಯನ್ನೂ ಹೊಗಳುತ್ತ ನಿಂತೇ ಇದ್ದರು.