ಎರಡು ಕೈಗೊಂದು ಉಸಿರು

ಮಂಜುಳಾ, ಸಾರ್ ಹೇಳಿದ್ದನ್ನು ನಾನು ನಿನಗೆ ತಿರುಚಿ ಹೇಳಿದೆ. ಮರೆತು ಅಲ್ಲ, ಅರ್ಥವಾಗದೆಯೂ ಅಲ್ಲ — ಬೇಕೆಂದೇ. ಇಪ್ಪತ್ತು ವರ್ಷ ಇದನ್ನು ಮುಚ್ಚಿಟ್ಟೆ.

ಕೆಜಿಎಫ್‌ನ ಕಾರ್ಖಾನೆ ಕಾಲೊನಿಯ ಈಜುಕೊಳ ನಿನಗೆ ನೆನಪಿದ್ದೇ ಇರುತ್ತದೆ. ನಾನು ಕಾರ್ಖಾನೆ ನೌಕರರ ಮಗಳು, ಆ ನೀರೆಲ್ಲ ನನ್ನದೇ ಎಂದುಕೊಂಡವಳು. ನೀನು ಕ್ಯಾಸಂಬಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವಳು. ನಮಗೆ ಈಜು ಕಲಿಸುತ್ತಿದ್ದ ಸಾರ್ ಅಲ್ಲೇ ಗಣಿ ಬಡಾವಣೆ ಕೋರಮಂಡಲ್‌ನವರು, ಬಾಯಿ ತೆರೆದರೆ ತಮಿಳು. ನಿನಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಬಾರದು. ಹಾಗಾಗಿ ಅವರ ಪಾಠವೆಲ್ಲ ತಮಿಳು ಬಲ್ಲ ನನ್ನ ಬಾಯಿಂದಲೇ ನಿನ್ನನ್ನು ತಲುಪಬೇಕಿತ್ತು. ಮೊಣಕೈ ಎತ್ತರಕ್ಕಿರಲಿ, ಅಂಗೈಯಿಂದ ನೀರನ್ನು ಹಿಂದಕ್ಕೆ ತಳ್ಳು, ಕಾಲು ಬಡಿಯುವುದನ್ನು ನಿಲ್ಲಿಸಬೇಡ — ಇಷ್ಟನ್ನೂ ಪ್ರಾಮಾಣಿಕವಾಗಿಯೇ ಹೇಳಿದೆ. ಎರಡೇ ತಿಂಗಳಲ್ಲಿ ನೀನು ನನ್ನ ಸಮಸಮಕ್ಕೆ ಬಂದುಬಿಟ್ಟೆ.

ಐವತ್ತು ಮೀಟರ್ ಫ್ರೀಸ್ಟೈಲ್‌ಗೆ ಜಿಲ್ಲಾ ತಂಡದಲ್ಲಿ ಇದ್ದದ್ದು ಒಂದೇ ಜಾಗ. ಆಯ್ಕೆಗೆ ವಾರವಿದ್ದಾಗ ಸಾರ್ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನಿನ್ನನ್ನೇ ನೋಡುತ್ತಾ ನನಗೆ ಹೇಳಿದರು: "ಅವ ಕಿಟ್ಟೆ ಸೊಲ್ಲು, ಮೂಚ್ಚು ಒರು ತಡವೆ ಪೋದುಂ." ಪೂರಾ ಐವತ್ತು ಮೀಟರಿಗೆ ಉಸಿರು ಒಂದೇ ಸಲ ಸಾಕು ಎಂದು ಅವಳಿಗೆ ಹೇಳು. ಉಸಿರಿಗಾಗಿ ಮುಖ ಹೊರಳಿಸಿದಾಗಲೆಲ್ಲ ವೇಗ ಕುಗ್ಗುತ್ತದೆ, ಈ ಹುಡುಗಿಗೆ ಅಷ್ಟು ದಮ್ಮಿದೆ ಎಂದೂ ಸೇರಿಸಿದರು. ನನ್ನ ಬಗ್ಗೆ ಅವರು ಒಮ್ಮೆಯೂ ಹಾಗೆ ಹೇಳಿರಲಿಲ್ಲ.

ನಿನ್ನ ಕಡೆ ತಿರುಗಿ, "ಎರಡು ಸಲ ಕೈ ಬೀಸಿದ್ರೆ ಒಂದು ಸಲ, ಎರಡು ಕೈಗೊಂದು ಉಸಿರು ತಗೋಬೇಕಂತೆ" ಎಂದೆ.

ನೀನು ಹುಬ್ಬು ಗಂಟಿಕ್ಕಿದೆ. "ಬಾವೀಲಿ ಮುಳುಗ್ದಂಗೆ ಉಸಿರು ಬಿಗಿ ಇಡ್ಕೊಂಡು ಓಗ್ಬಾರ್ದಾ ಅಕ್ಕಾ?"

"ಬಾವಿ ಬೇರೆ, ಇದು ಬೇರೆ. ಸಾರ್ ಹೇಳಿದ್ದು ಇಷ್ಟೇ."

ಸಾರ್ ಹೇಳಿದ್ದು ಎಂದ ಮೇಲೆ ನೀನು ಮತ್ತೆ ಕೇಳಲಿಲ್ಲ. ಮಾರನೆಯ ದಿನ ನೀನು ಹಾಗೇ ಈಜಿದ್ದನ್ನು ಕಂಡು ಅವರು ರೇಗಿದಾಗ, ಕಾಲು ಇನ್ನೂ ಜೋರಾಗಿ ಬಡಿ ಅಂತಿದ್ದಾರೆ ಎಂದೆ. ನೀನು ಪಾಪ, ಬಡಿದೆ.

ಆಯ್ಕೆಯ ದಿನ ಒಂದು ಅಂಗೈಯಷ್ಟು ಅಂತರದಲ್ಲಿ ನಾನು ಮೊದಲು ಗೋಡೆ ಮುಟ್ಟಿದೆ. "ನೀನೇ ಗೆದ್ದೆ ಕಣಕ್ಕಾ" ಎಂದು ಏದುಸಿರಲ್ಲೇ ನಕ್ಕೆ ನೀನು. ಆಮೇಲೆ ಆ ಬಸ್ಸಿಗೆ ಬರುವುದನ್ನೇ ಬಿಟ್ಟೆ. ಸಾರ್ ಸಾಯುವವರೆಗೂ ನಿನ್ನನ್ನು ಮಾತು ಕೇಳದ ತಿಮಿರಿನವಳೆಂದೇ ಅಂದುಕೊಂಡಿದ್ದರು. ಅವರಿಗೂ ನಾನು ನಿಜ ಹೇಳಲಿಲ್ಲ.

ಈಗ ಅದೇ ಕೊಳದಲ್ಲಿ ನಾನೇ ಕಲಿಸುತ್ತೇನೆ. ಕಳೆದ ತಿಂಗಳು ನೀನು ಬಂಗಾರಪೇಟೆಯಿಂದ ಸ್ಕೂಟರಿನಲ್ಲಿ ಮಗಳನ್ನು ಕರೆತಂದು, ಎಷ್ಟು ನಂಬಿಕೆಯಿಂದ ನನಗೊಪ್ಪಿಸಿದೆ. ಹುಡುಗಿ ನೀರಿಗಿಳಿದಳು — ನಿನ್ನದೇ ಕೈ, ನಿನ್ನದೇ ಕಾಲು. ಮತ್ತು ಎರಡು ಕೈಗೊಂದು ಉಸಿರು.

ತಿದ್ದಲು ಹೋದರೆ ಒಪ್ಪಲಿಲ್ಲ. "ಅಮ್ಮ ಇಂಗೇ ಅಂತ ಏಳವ್ಳೆ ಮೇಡಂ. ಅಮ್ಮಂಗೆ ದೊಡ್ಡ ಸಾರೇ ಏಳ್ಕೊಟ್ಟಿದ್ರಂತೆ."

ತಿಂಗಳಿಂದ ಇದೇ ಉತ್ತರ. ನೀನು ಬಿಡು ಎಂದರೆ ಮಾತ್ರ ಬಿಡುತ್ತಾಳೆ. ಇದು ಈಗಿನ ಹೊಸ ಪದ್ಧತಿ ಎಂದು ನಿನಗೆ ಹೇಳಿ ಜಾರಿಕೊಳ್ಳೋಣವೆಂದು ಮೊನ್ನೆ ಹೊರಟಿದ್ದೆ ಕೂಡ — ಇಷ್ಟಾದ ಮೇಲೂ ನನ್ನ ಬುದ್ಧಿ ಹೀಗೆ.

ನಾಳೆ ಬೆಳಿಗ್ಗೆ ನೀನು ಅವಳನ್ನು ಬಿಡಲು ಬರುತ್ತೀಯ. ಈ ಕಾಗದವನ್ನು ಕೈಗಿಟ್ಟು ಮುಖ ತಪ್ಪಿಸುವುದಿಲ್ಲ. ಗೇಟಿನ ಬಳಿ, ಅವಳೆದುರಿಗೇ, ಓದಿ ಹೇಳುತ್ತೇನೆ. ನೀನು ಅವಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೊರಟುಹೋಗಬಹುದು. ಹೋಗು. ಆದರೆ ಉಸಿರು ಒಂದೇ ಸಲ ಸಾಕು ಎಂದು ಅವಳಿಗೆ ಹೇಳಿಬಿಡು. ಅದು ಸಾರ್ ನಿನಗೆ ಹೇಳಿಕಳಿಸಿದ ಮಾತು.