ಎರಡೂ ಕಡೆ ಮೊದಲ ಪುಟ

ಗೆಳೆಯರೇ, ಬನಹಟ್ಟಿಯ ಹೊಸ ಸೀರೆ ಅಂಗಡಿಯ ಪಾಲುದಾರರಾದ ಮಲ್ಲಪ್ಪನವರು, ಹುಸೇನಸಾಬರು ಇಬ್ಬರೂ ಇವತ್ತು ನನ್ನ ಛಾಪಖಾನೆಗೆ ಒಟ್ಟಿಗೇ ಬಂದರು. ‘ನನ್ನ ಹೆಸರು ಮೊದಲನೇ ಪುಟಕ್ಕ ಇರ್ಲಿ, ಅವಗ ಹೇಳಬ್ಯಾಡ್ರಿ’ ಎಂದು ಇಬ್ಬರೂ ಮೊದಲೇ ಬೇರೆ ಬೇರೆಯಾಗಿ ಬಂದು ಪಿಸುಗುಟ್ಟಿದ್ದರು. ಅಂಗಡಿ ಉದ್ಘಾಟನೆಯ ಮಡಚಿದ ಆಮಂತ್ರಣದ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಉರ್ದು ಅಚ್ಚು ಹಾಕಿದ್ದೆ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ. ಕನ್ನಡದ ಕೊನೆಯ ಪುಟವೇ ಅದಕ್ಕೆ ಮೊದಲ ಪುಟ. ಕನ್ನಡದ ಮೊದಲ ಪುಟಕ್ಕೆ ಮಲ್ಲಪ್ಪನವರ ಹೆಸರು, ಉರ್ದುವಿನದಕ್ಕೆ ಹುಸೇನಸಾಬರದು.

ಮಲ್ಲಪ್ಪನವರು ಕನ್ನಡದ ಕಡೆ ನೋಡಿ ನಕ್ಕರು. ಹುಸೇನಸಾಬರು ಉರ್ದುವಿನ ಕಡೆ ನೋಡಿ ನಕ್ಕರು. ಮರುಕ್ಷಣವೇ ಒಬ್ಬರ ನಗು ಇನ್ನೊಬ್ಬರಿಗೆ ಚುಚ್ಚಿತು.

‘ಅಂವ ಯಾಕ ನಗಾಕತ್ತಾನ್ರಿ? ರಾಜರ ಸಂಸ್ಥಾನ ಹೋದ್ರೂ ಆ ಕಾಲದ ಮಸಲತ್ತ ಹೋಗಲಿಲ್ಲ ನೋಡ್ರಿ’ ಎಂದು ಮಲ್ಲಪ್ಪನವರು ನನ್ನ ಕಿವಿಯಲ್ಲಿ ಹೇಳಿದರು.

ಹೊರಡುವಾಗ ಹುಸೇನಸಾಬರು ಹಿಂದೆ ಉಳಿದರು: ‘ಖರೆ ಹೇಳ್ರಿ, ಅವಗೇನ ಮಾಡಿಕೊಟ್ರಿ?’

ನಾನು ಬಿಲ್ಲು ಅವರ ಕೈಗಿಟ್ಟೆ. ನಾಳೆ ಅಂಗಡಿಯ ಬೋರ್ಡು ಬರೆಸುತ್ತಾರಂತೆ. ಪಾಪ ಆ ಪೇಂಟರು! ಗೋಡೆಗೆ ಹೊಡೆಯುವ ಬೋರ್ಡಿಗೆ ಇರುವುದು ಒಂದೇ ಮುಖ.